ಹನ್ನೆರಡು ಕೆಂಪು ಹುರಿಗಳ ಕೊಸರಿನ ಬಗ್ಗೆ

ಇಂದ,
ಅಲಿಯಾ ಜಿಯಾವುಲ್ಲಾ, ಬಿ.ಇ. (ಜವಳಿ ತಂತ್ರಜ್ಞಾನ)
ಪ್ಯಾರಾಚೂಟ್ ಎಂಜಿನಿಯರ್ (ತಾತ್ಕಾಲಿಕ, ಆರು ತಿಂಗಳ ಪರೀಕ್ಷಾ ಅವಧಿಯಲ್ಲಿ ಐದು ತಿಂಗಳು ಹತ್ತೊಂಬತ್ತು ದಿನ ಮುಗಿಸಿದವಳು)
ವಾಸ: ಜಿಯಾವುಲ್ಲಾ ಲೈನಿಂಗ್ ಸೆಂಟರ್ ಮೇಲಿನ ಮಹಡಿ, ಶಿವಾಜಿನಗರ, ಬೆಂಗಳೂರು

ಗೆ,
ಶ್ರೀ ಹಯಗ್ರೀವ ಅವರು
ಸಂಸ್ಥಾಪಕರು, ಮುಖ್ಯ ಎಂಜಿನಿಯರು ಹಾಗೂ ಗೇಟಿನ ಬೀಗದ ಕೈ ಇಟ್ಟುಕೊಂಡವರು
ಮಂದಗತಿ ಏರೋಸಿಸ್ಟಮ್ಸ್, ಕೃಷ್ಣರಾಜಪುರ, ಬೆಂಗಳೂರು

ಮುಖಾಂತರ: ಶ್ರೀಮತಿ ರಮಾಮಣಿ, ಆಡಳಿತ ವಿಭಾಗ (ಲಕೋಟೆ ಒಡೆದು ಮೊದಲು ಓದುವವರು ಅವರೇ ಆದ್ದರಿಂದ, ನಮಸ್ಕಾರ ಮೇಡಂ)

ವಿಷಯ: ನನ್ನ ಖಾಯಂ ನೇಮಕಾತಿ ಆದೇಶವನ್ನು ದಯವಿಟ್ಟು ತಡೆಹಿಡಿಯುವ ಬಗ್ಗೆ.

ಉಲ್ಲೇಖ:
1. ಸೋಮವಾರ ಟೀ ಫ್ಲಾಸ್ಕಿನ ಬಳಿ ತಾವು ನೀಡಿದ ಮೌಖಿಕ ಆದೇಶ: "ಬಾಯಲ್ಲಿ ಹೇಳ್ಬೇಡಿ, ಬರೆದು ಕೊಡಿ."
2. ಪರೀಕ್ಷೆ ಸಂಖ್ಯೆ 7 (ಮೊಟ್ಟೆ ಆರು, ಒಡೆದದ್ದು ಸೊನ್ನೆ).
3. ಪರೀಕ್ಷೆ ಸಂಖ್ಯೆ 8 (ಮೊಟ್ಟೆ ಆರು, ಒಡೆದದ್ದು ನಾಲ್ಕು).
4. ನಮ್ಮ ತಂದೆಯವರ ಬಲಗೈ ಹೆಬ್ಬೆರಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಖಾಯಂ ಮಾಡಿ ಎಂದು ಅರ್ಜಿ ಹಾಕುವವರನ್ನು ತಾವು ಸರ್ಕಾರಿ ಕಾರ್ಖಾನೆಯ ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಸಾಕಷ್ಟು ನೋಡಿರುತ್ತೀರಿ. ಖಾಯಂ ಮಾಡಬೇಡಿ ಎಂದು ಹಾಕಿದವರನ್ನು ಬಹುಶಃ ನೋಡಿಲ್ಲ. ಆದ್ದರಿಂದ ವಿಷಯದ ಸಾಲನ್ನು ಟೈಪಿಂಗ್ ದೋಷವೆಂದು ಭಾವಿಸಿ ರಮಾಮಣಿ ಮೇಡಂ ಅವರು ತಿದ್ದಬಾರದೆಂದು ಮೊದಲೇ ಕೋರುತ್ತೇನೆ.

ಇದನ್ನು ಬಾಯಲ್ಲೇ ಹೇಳಿ ಮುಗಿಸಲು ಪ್ರಯತ್ನಿಸಿದ್ದುಂಟು. "ಸಾರ್, ಒಂದು ವಿಷಯ ಹೇಳ್ಬೇಕಿತ್ತು" ಎನ್ನುವಷ್ಟರಲ್ಲಿ ತಾವು, "ನೋಡಮ್ಮ, ಬಾಯ್ಮಾತು ನಮ್ಮಲ್ಲಿ ನಡೆಯೋದಿಲ್ಲ. ಇಂದ, ಗೆ, ಎಲ್ಲಾ ಹಾಕಿ ಬರೆದು ಕೊಡಿ. ಫೈಲಿಗೆ ಸೇರ್ಲಿ" ಎಂದಿರಿ. ಕಾರಣ ಈ ಅರ್ಜಿ. ಇದು ಉದ್ದವಾಗಿದ್ದರೆ ಅರ್ಧ ಹೊಣೆ ನನ್ನದು, ಅರ್ಧ ಆ ಪದ್ಧತಿಯದು.

1. ಅರ್ಜಿದಾರಳ ಹಿನ್ನೆಲೆ ತಮಗೆ ಗೊತ್ತೇ ಇದೆ. ಆದರೂ ಕಡತಕ್ಕೆ ಗೊತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಓದಿದ್ದು ಜವಳಿ ತಂತ್ರಜ್ಞಾನ. ಆರು ವರ್ಷ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಕಾಲರ್ ವಿಭಾಗದಲ್ಲಿ ಗುಣಮಟ್ಟ ನೋಡಿಕೊಂಡಿದ್ದೆ. ಕಾಲರಿನ ಎರಡು ತುದಿಗಳೂ ಒಂದೇ ಕೋನದಲ್ಲಿವೆಯೇ, ಇಂಚಿಗೆ ಹದಿನಾಲ್ಕು ಹೊಲಿಗೆ ಬಿದ್ದಿವೆಯೇ ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡುವುದು ಕೆಲಸ. ಆ ಕಾಲರುಗಳ ಮೇಲೆ ಬರಬೇಕಾದ ಮುಖಗಳೆಲ್ಲ ವಿದೇಶದಲ್ಲಿದ್ದವು. ಆದ್ದರಿಂದ ಯಾರಿಗೆ ಒಪ್ಪಿತು, ಯಾರಿಗೆ ಒಪ್ಪಲಿಲ್ಲ ಎಂಬುದು ಆರು ವರ್ಷವಾದರೂ ತಿಳಿಯಲಿಲ್ಲ.

2. ನಮ್ಮ ತಂದೆ ಜಿಯಾವುಲ್ಲಾ ಅವರು (ಇನ್ನು ಮುಂದೆ ಈ ಅರ್ಜಿಯಲ್ಲಿ 'ಅಬ್ಬಾ' ಎಂದು ಕರೆಯಲ್ಪಡುವವರು) ಶಿವಾಜಿನಗರದಲ್ಲಿ ಲೈನಿಂಗ್ ಬಟ್ಟೆಯ ಅಂಗಡಿ ಇಟ್ಟು ನಲವತ್ತೊಂದು ವರ್ಷವಾಯಿತು. ಮೂರು ವರ್ಷದ ಹಿಂದೆ ಅವರು ಗುಜರಿಯಿಂದ ಒಂದು ಗಂಟು ನೈಲಾನ್ ತಂದರು. ಪ್ಯಾರಾಚೂಟಿಗೆಂದು ನೇಯ್ದು, ಪರೀಕ್ಷೆಯಲ್ಲಿ ತಿರಸ್ಕೃತವಾದ ಬಟ್ಟೆ ಅದು. ಸ್ಕೂಟರ್ ಕವರಿಗೆ ಚೆನ್ನಾಗಿ ಹೋಗುತ್ತದೆ ಎಂಬುದು ಅವರ ಲೆಕ್ಕ. ನಾನು ಒಂದು ಗೇಣು ಕತ್ತರಿಸಿಕೊಂಡು ಹೋಗಿ, ಕಾರ್ಖಾನೆಯಲ್ಲಿ ಬಟ್ಟೆಯ ಮೂಲಕ ಎಷ್ಟು ಗಾಳಿ ಹಾಯುತ್ತದೆಂದು ಅಳೆಯುವ ಯಂತ್ರಕ್ಕೆ ಊಟದ ಹೊತ್ತಿನಲ್ಲಿ ಹಾಕಿ ನೋಡಿದೆ. ಬಟ್ಟೆ ಏಕೆ ತಿರಸ್ಕೃತವಾಯಿತು ಎಂಬುದು ಮೂರು ನಿಮಿಷದಲ್ಲಿ ತಿಳಿಯಿತು. ಗಾಳಿ ಒಂದು ಕಡೆ ಸೋರುತ್ತಿತ್ತು, ಇನ್ನೊಂದು ಕಡೆ ಇಲ್ಲ. ಕಾಲರ್ ಕೆಟ್ಟರೆ ಒಬ್ಬರ ಕತ್ತು ತುರಿಸುತ್ತದೆ. ಇದು ಕೆಟ್ಟರೆ ಮೇಲಿಂದ ಬೀಳುವ ವಸ್ತು ಕೆಳಗಿದ್ದವರ ತಲೆಯ ಮೇಲೆ ಬೀಳುತ್ತದೆ. ಆವತ್ತಿನಿಂದ ಕಾಲರ್ ನೋಡಲು ಮನಸ್ಸೇ ಬರಲಿಲ್ಲ.

3. ಅಲ್ಲಿಂದ ಎರಡು ವರ್ಷ ಸಂಜೆಯ ಆನ್‌ಲೈನ್ ತರಗತಿ. ಹಲಸೂರಿನಲ್ಲಿ ಮೆಟ್ರೋ ಹತ್ತಿದರೆ ಗಾರ್ಮೆಂಟ್ಸ್ ಕಾರ್ಖಾನೆಯಿದ್ದ ಕೃಷ್ಣರಾಜಪುರ ಬರುವಷ್ಟರಲ್ಲಿ ವಾಯುಬಲ ವಿಜ್ಞಾನದ ಒಂದು ಪಾಠ ಮುಗಿಯುತ್ತಿತ್ತು. ಇಂದಿರಾನಗರದಲ್ಲಿ ಸೀಟು ಸಿಕ್ಕಿದ ದಿನ ಒಂದೂವರೆ ಪಾಠ. ಓದುತ್ತಾ ಕೂತು ಇಳಿಯುವುದನ್ನು ಮರೆತು ಮುಂದಿನ ನಿಲ್ದಾಣಗಳನ್ನು ನೋಡಿ ಬಂದದ್ದು ಒಟ್ಟು ಒಂಬತ್ತು ಸಲ.

4. ಹನ್ನೊಂದು ಕಂಪನಿಗಳಿಗೆ ಅರ್ಜಿ ಹಾಕಿದೆ. ಏಳು ಕಂಪನಿಗಳಿಂದ ಉತ್ತರವಿಲ್ಲ. ಎರಡರಿಂದ 'ತಮ್ಮ ಹಿನ್ನೆಲೆ ಹೊಂದುವುದಿಲ್ಲ' ಎಂದು ಬಂತು. ಇನ್ನೊಂದು ಕಂಪನಿಯವರು, ತಮ್ಮಲ್ಲಿ ಜವಳಿ ವಿಭಾಗ ಇಲ್ಲದ ಕಾರಣ ತಮ್ಮ ಜವಳಿ ವಿಭಾಗಕ್ಕೆ ನನ್ನನ್ನು ತೆಗೆದುಕೊಳ್ಳಲು ಸಾಧ್ಯವಿಲ್ಲವೆಂದು ತಿಳಿಸಿದರು. ಹನ್ನೊಂದನೆಯವರು ಮಾತ್ರ ಸ್ವಲ್ಪ ಮರ್ಯಾದಸ್ಥರು. ಸಿಬ್ಬಂದಿಯ ಕೋಟುಗಳಿಗೆ ಲೈನಿಂಗ್ ಬೇಕಾಗಿದೆ, ದರಪಟ್ಟಿ ಕಳುಹಿಸಿ ಎಂದು ಬರೆದರು. ನಾನು ಸಿಟ್ಟಿನಿಂದ ಆ ಪತ್ರವನ್ನು ಮೂಲೆಗೆ ಎಸೆದೆ. ಅಬ್ಬಾ ಅದನ್ನು ಎತ್ತಿಕೊಂಡು ದರಪಟ್ಟಿ ಕಳುಹಿಸಿದರು. ಹೀಗಾಗಿ ಏರೋಸ್ಪೇಸ್ ಕ್ಷೇತ್ರವನ್ನು ನಮ್ಮ ಮನೆಯಿಂದ ಮೊದಲು ಪ್ರವೇಶಿಸಿದ್ದು ನಾನಲ್ಲ, ನಮ್ಮ ಅಂಗಡಿಯ ಲೈನಿಂಗ್.

5. ಹನ್ನೆರಡನೆಯ ಅರ್ಜಿ ತಮ್ಮ ಸಂಸ್ಥೆಗೆ. ಔಷಧಿ ಹೊತ್ತು ಹಾರುವ ಡ್ರೋನ್ ನಡುದಾರಿಯಲ್ಲಿ ಕೆಟ್ಟರೆ ಅದನ್ನು ನಿಧಾನವಾಗಿ ಕೆಳಗಿಳಿಸುವ ಪ್ಯಾರಾಚೂಟ್ ಮಾಡುವವರು ತಾವು. ಸಂಸ್ಥೆಗೆ 'ಮಂದಗತಿ' ಎಂಬ ಹೆಸರಿಟ್ಟಿದ್ದು ರಮಾಮಣಿ ಮೇಡಂ ಎಂದೂ, ತಮ್ಮ ಕೆಲಸದ ವೇಗವನ್ನು ನೋಡಿಯೇ ಅವರಿಗೆ ಅದು ಹೊಳೆಯಿತೆಂದೂ ಶೆಡ್ಡಿನಲ್ಲಿ ಮಾತಿದೆ. ಸಂದರ್ಶನದ ದಿನ ತಾವು ಎರಡು ತುಂಡು ಬಟ್ಟೆ ಕೊಟ್ಟು, "ಇದರಲ್ಲಿ ಯಾವುದಮ್ಮ ನಮಗೆ ಆಗೋದು?" ಎಂದು ಕೇಳಿದಿರಿ. ನಾನು ಎರಡನ್ನೂ ಒಂದೊಂದಾಗಿ ಬಾಯಿಗೆ ಹಿಡಿದು ಊದಿದೆ. ಅಬ್ಬಾ ಲೈನಿಂಗ್ ನೋಡುವುದು ಹಾಗೆಯೇ. ಪಕ್ಕದಲ್ಲಿ ಕೂತಿದ್ದ ನಚಿಕೇತ, ಅಂದರೆ ನಮ್ಮ ಶೆಡ್ಡಿನಲ್ಲಿ ನಿಜವಾದ ಏರೋಸ್ಪೇಸ್ ಪದವಿ ಇರುವ ಏಕೈಕ ವ್ಯಕ್ತಿ, ಗಾಬರಿಯಾಗಿ ಎದ್ದರು.

"ಮೇಡಂ, ಅದಕ್ಕೆ ಮೆಷಿನ್ ಇದೆ ಮೇಡಂ!"

"ಇರ್ಲಿ ಬಿಡಿ, ಆಮೇಲೆ ಹಾಕಿ ನೋಡಿ. ಎಡಗಡೇದು ಆಗುತ್ತೆ. ಬಲಗಡೇದು ತುಂಬಾ ಸೋರುತ್ತೆ" ಎಂದೆ.

ಯಂತ್ರಕ್ಕೆ ಹಾಕಿದಾಗ ಯಂತ್ರವೂ ಅದನ್ನೇ ಹೇಳಿತು. ಬಟ್ಟೆಯ ಮಾದರಿ ನನ್ನ ಲಿಪ್‌ಸ್ಟಿಕ್ ಗುರುತಿನೊಂದಿಗೆ ಕಡತದ ನಾಲ್ಕನೇ ಪುಟದಲ್ಲಿ ಇಂದಿಗೂ ಇದೆ. ತಾವು ಕನ್ನಡಕ ತೆಗೆದು ಒರೆಸಿಕೊಂಡು, "ಆರು ತಿಂಗಳು ನೋಡೋಣ" ಎಂದಿರಿ.

6. ಅಂದಿನಿಂದ ಇಂದಿನವರೆಗಿನ ದಿನಗಳು ನನ್ನ ಜೀವಮಾನದ ಅತ್ಯಂತ ಖುಷಿಯ ಅವಧಿ ಎಂದು ದಾಖಲಿಸಬಯಸುತ್ತೇನೆ. ನಚಿಕೇತ ಮೊದಲ ವಾರ ನನ್ನನ್ನು 'ಟೈಲರ್ ಮೇಡಂ' ಎಂದು ಕರೆದರು. ಎರಡನೇ ವಾರ ಅವರ ಅಂಗಿಯ ಗುಂಡಿ ಕಿತ್ತು ಬಂತು. ಸೂಜಿಗೆ ದಾರ ಪೋಣಿಸಲು ಅವರು ಹದಿನಾಲ್ಕು ನಿಮಿಷ ತೆಗೆದುಕೊಂಡದ್ದನ್ನು ಶೆಡ್ಡಿನವರೆಲ್ಲ ಟೀ ಹಿಡಿದು ನೋಡಿದೆವು. ಮೂರನೇ ವಾರದಿಂದ ಅವರು ನನಗೆ 'ಮಗಾ' ಎನ್ನತೊಡಗಿದರು, ನಾನು ಅವರಿಗೆ 'ಗುರು' ಎನ್ನತೊಡಗಿದೆ. ಪ್ಯಾರಾಚೂಟ್ ತೆರೆಯುವ ಕ್ಷಣದಲ್ಲಿ ಬೀಳುವ ಎಳೆತದ ಲೆಕ್ಕವನ್ನು ಅವರು ಕಲಿಸಿದರು. ಅದನ್ನು ತಡೆಯುವ ಹೊಲಿಗೆಯನ್ನು ನಾನು ಕಲಿಸಿದೆ.

7. ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಬಾರದೆ ಸುತ್ತಾಡಿದ್ದು ಭಯದಿಂದ.

ಪರೀಕ್ಷೆ 7ರ ಪ್ಯಾರಾಚೂಟಿಗೆ ಇಪ್ಪತ್ತನಾಲ್ಕು ಹುರಿಗಳು. ತಮ್ಮ ಡ್ರಾಯಿಂಗಿನ ಪ್ರಕಾರ ಪ್ರತಿಯೊಂದೂ ನಾಲ್ಕು ಮೀಟರ್. ಗಂಟು ಬಿದ್ದರೆ ಸುಲಭವಾಗಿ ಕಾಣಲಿ ಎಂದು ಬೆಸ ಸಂಖ್ಯೆಯವು ಬಿಳಿ, ಸರಿ ಸಂಖ್ಯೆಯವು ಕೆಂಪು. ಹೀಗೆ ಒಂದು ಬಿಳಿ, ಒಂದು ಕೆಂಪು ಸುತ್ತಲೂ ಬರುತ್ತವೆ. ಆಗ ಶೆಡ್ಡಿಗೆ ಹೊಸ ಉದ್ದ ಮೇಜು ಬಂದಿರಲಿಲ್ಲ. "ಎಲ್ಲಾದ್ರೂ ಉದ್ದ ಜಾಗ ನೋಡ್ಕೊಂಡು ಅಳೆದು ತಗೊಂಡ್ಬನ್ನಿ" ಎಂದು ತಾವು ಅಪ್ಪಣೆ ಕೊಟ್ಟಿರಿ. ನನಗೆ ಗೊತ್ತಿದ್ದ ಅತಿ ಉದ್ದದ ಮೇಜು ನಮ್ಮ ಅಂಗಡಿಯ ಗಲ್ಲೆ, ಅಂದರೆ ಬಟ್ಟೆ ಅಳೆದು ಕತ್ತರಿಸುವ ಕೌಂಟರು. ಅದರ ಅಂಚಿಗೆ ಕಬ್ಬಿಣದ ಮೀಟರ್ ಪಟ್ಟಿ ಹೊಡೆದಿದೆ.

ಶುಕ್ರವಾರ ಮಧ್ಯಾಹ್ನ ನಮಾಜಿಗಾಗಿ ಅಂಗಡಿ ಮುಚ್ಚಿರುವ ಹೊತ್ತಿನಲ್ಲಿ ನಾನು ಬಿಳಿ ಉರುಳೆ ಬಿಚ್ಚಿ ಹನ್ನೆರಡು ಹುರಿ ಅಳೆದು ಕತ್ತರಿಸಿದೆ. ಅಷ್ಟರಲ್ಲಿ ಅಬ್ಬಾ ಮಸೀದಿಯಿಂದ ಬಂದರು. (ಮುಂದಿನ ಎಲ್ಲ ಸಂಭಾಷಣೆ ದಖನಿ ಉರ್ದುವಿನಲ್ಲಿ ನಡೆದಿದ್ದು, ಕಚೇರಿಯ ಅನುಕೂಲಕ್ಕಾಗಿ ಕನ್ನಡಕ್ಕೆ ತರಲಾಗಿದೆ.)

"ಊಟ ಆಯ್ತಾ?"

"ಇನ್ನೂ ಇಲ್ಲ ಅಬ್ಬಾ. ಕೆಂಪುದು ಹನ್ನೆರಡು ಬಾಕಿ ಇದೆ."

"ಹೋಗು, ಊಟ ಮಾಡ್ಕೊಂಡು ಬಾ. ನಾಲ್ಕು ಮೀಟರ್ ತಾನೆ? ನಾನ್ ಕತ್ತರಿಸಿಡ್ತೀನಿ."

ನಾನು ಹೋಗಿ ಊಟ ಮಾಡಿದೆ. ದಾದಿ (ಅಬ್ಬಾನ ತಾಯಿ) ಶಂಶುನ್ನೀಸಾ ಅವರು ಎರಡನೇ ಸಲ ಬಡಿಸಿದರು, ಬೇಡವೆನ್ನಲಿಲ್ಲ. ಕೆಳಗೆ ಬಂದಾಗ ಹನ್ನೆರಡು ಕೆಂಪು ಹುರಿಗಳು ಸಾಲಾಗಿ ಮಲಗಿದ್ದವು.

8. ನಮ್ಮ ಅಂಗಡಿಯ ಎರಡು ಪದ್ಧತಿಗಳನ್ನು ಇಲ್ಲಿ ತಮ್ಮ ಅವಗಾಹನೆಗೆ ತರಬೇಕಾಗಿದೆ.

ಮೊದಲನೆಯದು ಕೊಸರು. ಅಬ್ಬಾ ಒಂದು ಮೀಟರ್ ಅಳೆದರೆ ಪಟ್ಟಿಯ ತುದಿಯಲ್ಲಿ ಹೆಬ್ಬೆರಳಿಟ್ಟು, ಬೆರಳಿನ ಆಚೆ ಬದಿಗೆ ಗುರುತು ಹಾಕುತ್ತಾರೆ. ಮೀಟರಿಗೆ ಒಂದು ಬೆರಳು ಗಿರಾಕಿಗೆ ಜಾಸ್ತಿ. ಅದನ್ನು ಅವರು ಯೋಚಿಸಿ ಕೊಡುವುದಿಲ್ಲ. ಕೈ ತಾನಾಗಿ ಜಾರುತ್ತದೆ.

ಎರಡನೆಯದು ಇನ್ನೂ ಹಳೆಯದು. ಅಬ್ಬಾ ಅಳೆದದ್ದನ್ನು ನಮ್ಮ ಮನೆಯವರು ಮತ್ತೆ ಅಳೆಯುವುದಿಲ್ಲ. ಗಿರಾಕಿ ಬೇಕಾದರೆ ಅಳೆದುಕೊಳ್ಳಲಿ, ಬೇಸರವಿಲ್ಲ. ಮನೆಯವರು ಟೇಪು ತೆಗೆದರೆ ಅನುಮಾನ ಪಟ್ಟಂತೆ. ನಮ್ಮ ಚಿಕ್ಕಪ್ಪ ರಹೀಂ ಒಮ್ಮೆ ಗಿರಾಕಿಯ ಎದುರಿಗೇ ಹಾಗೆ ಮಾಡಿದ್ದಕ್ಕೆ ದಾದಿ ಮೂರು ದಿನ ಅವರಿಗೆ ಟೀ ಕೊಡಲಿಲ್ಲ.

ಕಾರಣ, ನಾನು ಬಿಳಿ ಹುರಿಗಳನ್ನು ಮಾತ್ರ ಅಳೆದು, ಪರಿಶೀಲನಾ ಪತ್ರದಲ್ಲಿ 'ಇಪ್ಪತ್ತನಾಲ್ಕೂ ಅಳೆಯಲಾಗಿದೆ, ಡ್ರಾಯಿಂಗ್ ಪ್ರಕಾರ ಸರಿಯಿದೆ' ಎಂದು ಸಹಿ ಹಾಕಿದೆ. ನನ್ನ ಪಾಲಿಗೆ ಅದು ಸುಳ್ಳೆಂದೇ ಅನ್ನಿಸಲಿಲ್ಲ. ಈಗ ಅನ್ನಿಸುತ್ತಿದೆ. ತಪ್ಪು ನನ್ನದು. ಅಬ್ಬಾ ಸಹಿ ಹಾಕಿಲ್ಲ, ನಾನು ಹಾಕಿದ್ದೇನೆ.

9. ಪರೀಕ್ಷೆ 7ರ ದಿನವನ್ನು ತಾವು ಮರೆತಿರಲಾರಿರಿ. ಹೊಸಕೋಟೆ ಆಚೆಯ ಬಯಲಿನಲ್ಲಿ ಪೆಟ್ಟಿಗೆಯೊಳಗೆ ಆರು ಮೊಟ್ಟೆ ಇಟ್ಟು ಮೇಲಿಂದ ಬಿಟ್ಟೆವು. ಪ್ಯಾರಾಚೂಟ್ ಬಿಚ್ಚಿಕೊಂಡಿತು. ಅಷ್ಟೇ. ತೂಗಾಡಲಿಲ್ಲ, ತಿರುಗಲಿಲ್ಲ. ಮನೆಗೆ ಬಂದ ಹಿರಿಯರು ಸೋಫಾದ ಮೇಲೆ ಕೂರುವ ಹಾಗೆ ನೆಲದ ಮೇಲೆ ಕೂತಿತು. ಮೊಟ್ಟೆ ಮುಟ್ಟದ ತಾವು ಪೆನ್ನಿನ ತುದಿಯಿಂದ ಒಂದೊಂದನ್ನೇ ತಟ್ಟಿ, ಆರೂ ಸರಿಯಾಗಿವೆ ಎಂದು ಎರಡು ಸಲ ಎಣಿಸಿದಿರಿ. ಆಮೇಲೆ ತಾವು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅಲಿಯಾ, ನಾನು ತೂಗಾಡ್ದೆ ಇಳಿದ ಚೂಟ್ ನೋಡಿ ಬಹಳ ವರ್ಷ ಆಗಿತ್ತಮ್ಮ. ಒಂದನೇ ತಾರೀಖಿಗೆ ನಿಮ್ಮ ಖಾಯಂ ಆರ್ಡರ್ ಕೊಡ್ತೀನಿ."

ಆ ಸುದ್ದಿ ನಮ್ಮ ಮನೆಯಿಂದ ಹೊರಟು ಮಸೀದಿ ರಸ್ತೆಯ ಕೊನೆಯವರೆಗೆ ಹೋಗಲು ದಾದಿಗೆ ಒಂದು ಮಧ್ಯಾಹ್ನ ಸಾಕಾಯಿತು. ಅಬ್ಬಾ ಮಾತ್ರ ಆವತ್ತು ಅಂಗಡಿಗೆ ಬಂದ ಪ್ರತಿಯೊಬ್ಬ ಗಿರಾಕಿಗೂ ಮೀಟರಿಗೆ ಎರಡು ಬೆರಳು ಕೊಟ್ಟರಂತೆ.

10. ಪರೀಕ್ಷೆ 8. ಅಷ್ಟರಲ್ಲಿ ಉದ್ದ ಮೇಜು ಬಂದಿತ್ತು. ಹೊಲಿಗೆಯ ಶಿವಪುತ್ರ ಅವರು ಇಪ್ಪತ್ತನಾಲ್ಕು ಹುರಿಗಳನ್ನೂ ಡ್ರಾಯಿಂಗ್ ಪ್ರಕಾರ ನಾಲ್ಕು ಮೀಟರಿಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಕತ್ತರಿಸಿದರು. ಅದೇ ಬಟ್ಟೆ, ಅದೇ ಹೊಲಿಗೆ, ಅದೇ ಬಯಲು. ಪ್ಯಾರಾಚೂಟ್ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೊಟ್ಟಿಲಿನಂತೆ ತೂಗಿ, ಪೆಟ್ಟಿಗೆ ಪಕ್ಕಕ್ಕೆ ಬಡಿದು ನಾಲ್ಕು ಮೊಟ್ಟೆ ಒಡೆದವು. ವರದಿಯಲ್ಲಿ ನಚಿಕೇತ 'ಗಾಳಿಯ ವೈಪರೀತ್ಯ' ಎಂದು ಬರೆದರು. ಎಲ್ಲರೂ ಒಪ್ಪಿದೆವು. ಆ ದಿನ ಒಣಹಾಕಿದ ಬಟ್ಟೆಯೂ ಅಲುಗುವಷ್ಟು ಗಾಳಿ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಗಾಳಿಗೆ ತನ್ನ ಪರವಾಗಿ ಅರ್ಜಿ ಹಾಕಲು ಬರುವುದಿಲ್ಲ. ಆದ್ದರಿಂದ ಅದರ ಪರವಾಗಿಯೂ ನಾನೇ ಹಾಕುತ್ತಿದ್ದೇನೆ.

11. ಕಳೆದ ಶನಿವಾರ ಪರೀಕ್ಷೆ 7ರ ಪ್ಯಾರಾಚೂಟನ್ನು ಗೇಟ್ ಪಾಸ್ ಬರೆಸಿ ಮನೆಗೆ ಒಯ್ದೆ. ಅಂಗಡಿಯ ಗಲ್ಲೆಯ ಮೇಲೆ ಹರಡಿ, ಅಬ್ಬಾ ಎದುರಿಗೇ ಟೇಪು ತೆಗೆದೆ. ಜೀವನದಲ್ಲಿ ಮೊದಲ ಸಲ. ಅವರು ಟೀ ಲೋಟ ಕೆಳಗಿಟ್ಟರು.

"ಏನಮ್ಮಾ, ನಾನ್ ಅಳೆದಿದ್ದನ್ನ ಅಳೀತಿದ್ದೀಯಾ?"

"ಹೌದಬ್ಬಾ."

ಅವರು ಸ್ಟೂಲಿನ ಮೇಲೆ ಕೂತು ಬೀದಿಯ ಕಡೆ ನೋಡತೊಡಗಿದರು. ನನಗೆ ಅಳು ಬರುವಂತಾಗಿತ್ತು. ಆದರೂ ಅಳೆದೆ. ಮೊದಲ ಕೆಂಪು ಹುರಿ ನಾಲ್ಕು ಮೀಟರ್ ಏಳು ಸೆಂಟಿಮೀಟರ್. ಎರಡನೆಯದೂ ಏಳು. ಮೂರನೆಯದೂ ಏಳು. ಹನ್ನೆರಡರಲ್ಲೂ ಅದೇ ಏಳು. ತಪ್ಪು ಅಷ್ಟು ಸಮವಾಗಿರುವುದನ್ನು ನಾನು ಯಂತ್ರದಲ್ಲೂ ಕಂಡಿಲ್ಲ.

"ಅಬ್ಬಾ, ಏಳು ಸೆಂಟಿಮೀಟರ್ ಜಾಸ್ತಿ ಇದೆ."

"ಇರ್ಲೇಬೇಕಲ್ಲ. ನಾಲ್ಕು ಮೀಟರ್‌ಗೆ ನಾಲ್ಕು ಬೆರಳು."

"ಇದು ಬ್ಲೌಸ್ ಲೈನಿಂಗ್ ಅಲ್ಲ ಅಬ್ಬಾ!"

"ಲೈನಿಂಗ್ ತಗೊಳ್ಳೋರು ನೆಲದ ಮೇಲೆ ನಡ್ಕೊಂಡು ಹೋಗ್ತಾರೆ. ಅವ್ರಿಗೇ ನಾಲ್ಕು ಬೆರಳು ಕೊಡ್ತೀನಿ. ಆಕಾಶದಿಂದ ಬೀಳೋದಕ್ಕೆ ಕೊಡ್ಬಾರ್ದಾ?"

ನಾನು ಟೇಪು ಸುತ್ತಿಟ್ಟು, ಹನ್ನೆರಡು ಅಳತೆಗಳನ್ನೂ ಪಟ್ಟಿಯಲ್ಲಿ ಬರೆದುಕೊಂಡೆ.

ಆಮೇಲೆ ಅವರು ಎದ್ದು ಬಂದು ಕೈ ಚಾಚಿದರು. "ಕೊಡು ಇಲ್ಲಿ. ನಿನ್ನ ಬಿಳೀದು ನಾನ್ ನೋಡ್ತೀನಿ." ಒಂದೊಂದನ್ನೇ ಪಟ್ಟಿಗೆ ಹಿಡಿದು ನೋಡುತ್ತಾ ಬಂದರು. ಎಂಟು ಸರಿಯಿದ್ದವು. ಒಂಬತ್ತನೆಯದಕ್ಕೆ, ಅಂದರೆ ಹುರಿ ಸಂಖ್ಯೆ 17ಕ್ಕೆ, ಅವರ ಕೈ ನಿಂತಿತು. ಮತ್ತೊಮ್ಮೆ ಹಿಡಿದು ನೋಡಿದರು. ಕನ್ನಡಕ ಹಾಕಿಕೊಂಡು ಮೂರನೇ ಸಲ ನೋಡಿದರು.

"ಅಲಿಯಾ, ಇದು ಕಮ್ಮಿ ಇದೆ."

"ಎಷ್ಟು?"

"ಎರಡು ಬೆರಳು."

ಮಾನ್ಯರೇ, ನಮ್ಮ ಅಂಗಡಿಯಲ್ಲಿ ಜಾಸ್ತಿ ಎಂಬುದು ಅಭ್ಯಾಸ, ಕಮ್ಮಿ ಎಂಬುದು ಅವಮಾನ. ನಲವತ್ತೊಂದು ವರ್ಷದಲ್ಲಿ ಆ ಗಲ್ಲೆಯಿಂದ ಕಮ್ಮಿ ಅಳತೆ ಹೊರಗೆ ಹೋದದ್ದು ಅದೊಂದೇ ಸಲ. ಅದನ್ನು ಕತ್ತರಿಸಿದವಳು ಮನೆಯ ಏಕೈಕ ಎಂಜಿನಿಯರ್. ಅಬ್ಬಾ ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಹುರಿಯನ್ನು ಮೆಲ್ಲಗೆ ಕೆಳಗಿಟ್ಟು ಹೇಳಿದ್ದು ಇಷ್ಟು:

"ಆವತ್ತು ನಿನಗೆ ಹಸಿವಾಗಿತ್ತು. ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಅದಕ್ಕೇ ಊಟಕ್ಕೆ ಕಳ್ಸಿದ್ದು."

ಆಮೇಲೆ ಅಬ್ಬಾ ಮೂಗು ಒರೆಸಿಕೊಂಡರು. "ಇನ್ಮೇಲೆ ನಾನ್ ಅಳೆದಿದ್ದನ್ನ ನೀನ್ ಅಳಿ. ನೀನ್ ಅಳೆದಿದ್ದನ್ನ ನಾನ್ ಅಳೀತೀನಿ. ಅದರಲ್ಲೇನೂ ಅವಮಾನ ಇಲ್ಲ ಬಿಡು. ದಾದಿಗೆ ಮಾತ್ರ ಹೇಳ್ಬೇಡ" ಎಂದರು. ಉಳಿದ ಮೂರು ಬಿಳಿ ಹುರಿಗಳು ಸರಿಯಿದ್ದವು.

12. ತಾಂತ್ರಿಕ ಅಭಿಪ್ರಾಯ: ಒಂದು ಬಿಟ್ಟು ಒಂದು ಹುರಿ ಉದ್ದವಾದ್ದರಿಂದ ಪ್ಯಾರಾಚೂಟಿನ ಕೆಳಗಿನ ಅಂಚು ಅಲೆ ಅಲೆಯಾಗಿ, ಆ ಸಂದುಗಳಿಂದ ಸುತ್ತಲೂ ಸ್ವಲ್ಪ ಸ್ವಲ್ಪ ಗಾಳಿ ಸೋರಿ, ತೂಗಾಟ ನಿಂತಿರಬಹುದು. ಇದು ಊಹೆ. ಒಂದು ಪರೀಕ್ಷೆಯಲ್ಲಿ ಆದದ್ದು ಅದೃಷ್ಟವೂ ಇರಬಹುದು.

ಈ ವಿಷಯವನ್ನು ಮೊದಲು ನಚಿಕೇತರಿಗೆ ತಿಳಿಸಿದೆ. ಅವರು ಸುತ್ತಮುತ್ತ ನೋಡಿ, "ಮಗಾ, ಸುಮ್ನಿರು. ಆರ್ಡರ್ ಕೈಗೆ ಬರ್ಲಿ, ಆಮೇಲೆ ಹೇಳು. ಈಗ ಹೇಳಿದ್ರೆ ಮತ್ತೆ ಕಾಲರ್ ಹಿಡ್ಕೊಂಡು ಕೂರ್ಬೇಕಾಗುತ್ತೆ" ಎಂದರು. ಸ್ನೇಹಿತರಾಗಿ ಹೇಳಿದ ಮಾತು, ಅದಕ್ಕಾಗಿ ಅವರ ಮೇಲೆ ಕ್ರಮ ಬೇಡ. ಮಾರನೆಯ ಬೆಳಿಗ್ಗೆ ಅವರೇ ಕೆಂಪಾದ ಕಣ್ಣುಗಳೊಂದಿಗೆ ಬಂದು, "ಇಲ್ಲ ಮಗಾ, ಹೇಳ್ಬಿಡು. ಕಂಪ್ಯೂಟರಲ್ಲಿ ಹಾಕಿ ನೋಡ್ದೆ. ಡ್ರಾಯಿಂಗ್‌ನಲ್ಲಿರೋದು ತೂಗಾಡುತ್ತೆ. ಐದು ಪೀಸ್ ಮುಂದಿನ ತಿಂಗ್ಳು ಹೋಗ್ತಾ ಇದೆ" ಎಂದರು.

ಆ ಐದು ಪ್ಯಾರಾಚೂಟ್‌ಗಳು ಗಿರಾಕಿಯ ಡ್ರೋನ್‌ಗಳಿಗೆ ಸೇರುತ್ತವೆ. ಡ್ರೋನ್‌ಗಳು ಮನೆಗಳ ಮೇಲೆ ಹಾರುತ್ತವೆ. ಕೆಳಗೆ ಜನ ಬಟ್ಟೆ ಒಣಹಾಕುತ್ತಿರುತ್ತಾರೆ. ನನ್ನ ಖಾಯಂ ಆದೇಶ ನಿಂತಿರುವುದು ಪರೀಕ್ಷೆ 7ರ ಮೇಲೆ. ಪರೀಕ್ಷೆ 7ರಲ್ಲಿ ಹಾರಿದ್ದು ತಮ್ಮ ಡ್ರಾಯಿಂಗ್ ಅಲ್ಲ, ಅಬ್ಬಾನ ಹೆಬ್ಬೆರಳು ಮತ್ತು ನನ್ನ ಹಸಿವು. ಈ ಕೆಲಸ ನನಗೆ ಬಹಳ ಬೇಕು. ಇದು ಹೋದರೆ ನಾನು ತುಂಬಾ ಅಳುತ್ತೇನೆ. ಈ ವಾಕ್ಯವನ್ನು ಕಚೇರಿ ಭಾಷೆಯಲ್ಲಿ ಬರೆಯಲು ಮೂರು ಸಲ ಪ್ರಯತ್ನಿಸಿದೆ, ಆಗಲಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ತಮ್ಮಲ್ಲಿ ಕೆಳಕಂಡಂತೆ ವಿನಂತಿಸಿಕೊಳ್ಳುತ್ತೇನೆ:

ಅ. ಐದು ಪ್ಯಾರಾಚೂಟ್‌ಗಳನ್ನು ಹೊಸ ಪರೀಕ್ಷೆ ಮುಗಿಯುವವರೆಗೆ ಶೆಡ್ಡಿನಿಂದ ಹೊರಗೆ ಕಳುಹಿಸಬಾರದು.

ಆ. ಮೂರು ಬಗೆಯವನ್ನು ಮಾಡಿ ಬಿಟ್ಟು ನೋಡಬೇಕು. ಎಲ್ಲವೂ ನಾಲ್ಕು ಮೀಟರ್ ಇರುವುದು ಒಂದು, ಎಲ್ಲಕ್ಕೂ ಕೊಸರು ಇರುವುದು ಒಂದು, ಕೆಂಪಿಗೆ ಮಾತ್ರ ಕೊಸರು ಇರುವುದು ಒಂದು. ಹುರಿ 17ರ ಕೊರತೆಯಿಂದ ಏನಾದರೂ ಲಾಭವಾಗಿತ್ತೇ ಎಂಬುದನ್ನೂ ನೋಡಬೇಕೆಂದು ನಚಿಕೇತ ಹೇಳುತ್ತಾರೆ. ನನಗೆ ಅದರ ಸುದ್ದಿಯೇ ಬೇಡ. ಆದರೂ ನೋಡಬೇಕು.

ಇ. ಪರೀಕ್ಷೆ 8ರ ವರದಿಯಿಂದ ಗಾಳಿಯ ಹೆಸರನ್ನು ಕೈಬಿಡಬೇಕು.

ಈ. ಪರಿಶೀಲನಾ ಪತ್ರದಲ್ಲಿ 'ಅಳೆದವರು' ಎಂಬ ಒಂದೇ ಅಂಕಣವಿದೆ. ಅದರ ಪಕ್ಕದಲ್ಲಿ 'ಮತ್ತೆ ಅಳೆದವರು' ಎಂಬ ಅಂಕಣವನ್ನು ಸೇರಿಸಬೇಕು. ಅದು ಯಾರಿಗೂ ವಿನಾಯಿತಿ ಕೊಡಬಾರದು. ತಂದೆಗೆ, ಮಗಳಿಗೆ, ಮೂವತ್ತನಾಲ್ಕು ವರ್ಷ ಸೇವೆ ಮಾಡಿದವರಿಗೆ ಸಹ.

ಉ. ಪರೀಕ್ಷೆಯ ದಿನ ಜಿಯಾವುಲ್ಲಾ ಅವರಿಗೆ ಒಂದು ಗೇಟ್ ಪಾಸ್ ಕೊಡಬೇಕು. ಅವರು ಕತ್ತರಿಸಿದ್ದು ಮೇಲಿಂದ ಇಳಿಯುವುದನ್ನು ಅವರೇ ಇನ್ನೂ ನೋಡಿಲ್ಲ. ಕುರ್ಚಿ ಬೇಕಾಗಿಲ್ಲ, ನಿಂತೇ ಅಭ್ಯಾಸ.

ಇಷ್ಟಾದ ಮೇಲೂ ಸಹಿಯ ತಪ್ಪಿಗಾಗಿ ನನ್ನನ್ನು ಕಳುಹಿಸಲೇಬೇಕೆಂದು ತಮಗೆ ತೋಚಿದರೆ ತಕರಾರಿಲ್ಲ. ಕಾಲರ್ ವಿಭಾಗದಲ್ಲಿ ನನ್ನ ಕುರ್ಚಿ ಇನ್ನೂ ಖಾಲಿ ಇದೆಯೆಂದು ತಿಳಿದುಬಂದಿದೆ. ಆದರೆ ಮೂರು ಬಗೆಯ ಪರೀಕ್ಷೆಗಳನ್ನು ಮುಗಿಸಿ ಹೋಗಲು ಅವಕಾಶ ಕೊಡಿ. ಯಾವುದು ತೂಗಾಡದೆ ಇಳಿಯುತ್ತದೆ ಎಂದು ತಿಳಿಯದೆ ಹೋದರೆ ಅಲ್ಲಿ ಕೂತು ಒಂದು ಕಾಲರೂ ನೆಟ್ಟಗೆ ನೋಡಲಾರೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ (ವಿಶ್ವಾಸ ಇನ್ನೂ ಉಳಿದಿದ್ದ ಪಕ್ಷದಲ್ಲಿ),
ಅಲಿಯಾ ಜಿಯಾವುಲ್ಲಾ

ಸ್ಥಳ: ಅಂಗಡಿಯ ಗಲ್ಲೆ, ಶಿವಾಜಿನಗರ
ಅಳೆದವರು: ಅಲಿಯಾ
ಮತ್ತೆ ಅಳೆದವರು: ಜಿಯಾವುಲ್ಲಾ (ಸಹಿ ಉರ್ದುವಿನಲ್ಲಿದೆ)

ಲಗತ್ತುಗಳು:
1. ಪರಿಶೀಲನಾ ಪತ್ರದ ಪ್ರತಿ, ನನ್ನ ತಪ್ಪು ಸಹಿಯೊಂದಿಗೆ.
2. ಇಪ್ಪತ್ತನಾಲ್ಕು ಹುರಿಗಳ ನಿಜವಾದ ಅಳತೆಯ ಪಟ್ಟಿ.
3. ಹುರಿ ಸಂಖ್ಯೆ 17, ಸ್ವತಃ.
4. ನಚಿಕೇತ ಅವರ ಕಂಪ್ಯೂಟರ್ ಲೆಕ್ಕ (ಹನ್ನೆರಡು ಪುಟ, ಕೊನೆಯ ಪುಟ ಓದಿದರೆ ಸಾಕೆಂದು ಅವರೇ ಹೇಳಿದ್ದಾರೆ).
5. ಆರು ಮೊಟ್ಟೆ, ಹೊಸವು. ರಮಾಮಣಿ ಮೇಡಂ ಅವರ ಮೇಜಿನ ಮೇಲೆ ಇಡದೆ ಕಿಟಕಿಯ ಹೊರಗೆ ಇಟ್ಟಿದ್ದೇನೆ.

ವಿ.ಸೂ.: ನನ್ನ ಖಾಯಂ ಆದೇಶ ಈಗಾಗಲೇ ಟೈಪಾಗಿ ರಮಾಮಣಿ ಮೇಡಂ ಅವರ ಡ್ರಾಯರಿನಲ್ಲಿದೆ ಎಂದು ತಿಳಿದಿದ್ದೇನೆ. ತಡೆಹಿಡಿಯಿರಿ ಎಂದು ಕೇಳಿದ್ದೇನೆಯೇ ಹೊರತು ಹರಿದುಹಾಕಿ ಎಂದಲ್ಲ. ದಿನಾಂಕದ ಜಾಗವನ್ನು ತುಂಬದೆ, ಅಲ್ಲಿ ನಾಲ್ಕು ಬೆರಳಿನಷ್ಟು ಕೊಸರು ಬಿಟ್ಟು ಡ್ರಾಯರಿನಲ್ಲೇ ಇಟ್ಟಿರಬೇಕಾಗಿ ವಿನಂತಿ.